ಯಜಮಾನಿಕೆ ಯಾರದು?

ಜಗತ್ತು ಒಂದಾಗುತ್ತಿದೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಕೇಳಬರುತ್ತದೆ. ಒಂದು ಖಂಡದಲ್ಲಿ ನೇಯ್ದ ಅರಿವೆಯನ್ನು ಇನ್ನೊಂದು ಖಂಡದವರು ಉಡುತ್ತಾರೆ. ಒಂದು ನಗರದಲ್ಲಿ ಕಟ್ಟಿದ ಹಾಡನ್ನು ಸಂಜೆಯಾಗುವದರೊಳಗೆ ನೂರು ದೇಶಗಳ ಹುಡುಗರು ಗುನುಗುತ್ತಾರೆ. ಇದಕ್ಕೆ ಜಾಗತೀಕರಣವೆಂದು ಹೆಸರು. ಇದರಿಂದ ಜನರಿಗೆ ಆದ ಲಾಭವನ್ನು ಅಲ್ಲಗಳೆಯುವದು ನಮ್ಮ ಉದ್ದೇಶವಲ್ಲ. ಆದರೆ ಒಂದಾಗುವದು ಬೇರೆ, ಮತ್ತೊಬ್ಬರಲ್ಲಿ ಕರಗಿಹೋಗುವದು ಬೇರೆ. ದೊಡ್ಡ ಜನಾಂಗವೂ ಸಣ್ಣ ಜನಾಂಗವೂ ಒಂದೇ ಸಂತೆಗೆ ಬಂದು ಕುಳಿತಾಗ ತಕ್ಕಡಿಯು ಯಾರ ಕೈಯಲ್ಲಿದೆ ಎಂಬದನ್ನು ಕೇಳಲೇಬೇಕಾಗುತ್ತದೆ.

ಈ ಪ್ರಶ್ನೆಗೆ ಬರಿಯ ತತ್ತ್ವವಿಚಾರದಿಂದ ಉತ್ತರವು ದೊರೆಯಲಾರದು. ಯಾವದಾದರೂ ಒಂದು ಜನಾಂಗಕ್ಕೆ ಒದಗಿದ ಗತಿಯನ್ನು ಮೊದಲಿನಿಂದ ಪರಾಮರ್ಶಿಸಿ ನೋಡಿದರೆ ದೊರೆತೀತು. ಅದಕ್ಕಾಗಿ ನ್ಯೂಜೀಲಂಡದ ಮಾವೋರಿ ಜನರ ನಿದರ್ಶನವನ್ನು ನಾವು ಇಂದು ವಾಚಕರ ಮುಂದೆ ಇಡುತ್ತೇವೆ. ಅವರು ಸೋತವರು, ಸೋತ ಮೇಲೆ ಎದ್ದು ನಿಂತವರು, ಎದ್ದು ನಿಂತ ಮೇಲೂ ನಿಶ್ಚಿಂತೆಯಿಂದ ಕುಳಿತುಕೊಳ್ಳಲಾಗದವರು. ಆದಕಾರಣ ಅವರಿಂದ ಕಲಿಯತಕ್ಕದ್ದು ಬಹಳವಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಹೊರಗಿನವರ ಸಂಪರ್ಕವಾದ ಮಾತ್ರಕ್ಕೆ ಸಣ್ಣ ಜನಾಂಗದ ಸಂಸ್ಕೃತಿಯು ಅಳಿದುಹೋಗುತ್ತದೆಂದು ಹಲವರು ನಂಬಿದ್ದಾರೆ. ಮಾವೋರಿಗಳ ಇತಿಹಾಸವು ಹಾಗೆ ಹೇಳುವದಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಯುರೋಪಿನ ವರ್ತಕರೂ ಪಾದ್ರಿಗಳೂ ಅವರ ತೀರಕ್ಕೆ ಬಂದಾಗ ಅವರು ಬಾಗಿಲು ಹಾಕಿಕೊಂಡು ಒಳಗೆ ಕುಳಿತುಕೊಳ್ಳಲಿಲ್ಲ. ಆಲೂಗಡ್ಡೆಯನ್ನು ಬೆಳೆದರು, ಗೋದಿಯನ್ನು ಬಿತ್ತಿ, ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಗಳನ್ನು ಕಟ್ಟಿಸಿದರು, ಸ್ವಂತ ಹಡಗುಗಳಲ್ಲಿ ಧಾನ್ಯವನ್ನು ಹೇರಿಕೊಂಡು ಹೋಗಿ ಆಕ್ಲಂಡ ಪಟ್ಟಣದಲ್ಲಿ ಮಾರಿದರು. ಅವರ ಭಾಷೆಗೆ ಲಿಪಿಯಿರಲಿಲ್ಲ. ರೋಮನ್ ಲಿಪಿಯು ಬಂದೊಡನೆ ಓದುಬರಹವನ್ನು ಆತುರದಿಂದ ಕಲಿತರು. 1837ರಲ್ಲಿ ಕ್ರೈಸ್ತರ ಹೊಸ ಒಡಂಬಡಿಕೆಯು ಮಾವೋರಿ ಭಾಷೆಯಲ್ಲಿ ಅಚ್ಚಾಯಿತು. 1842ರಲ್ಲಿ ಆ ಭಾಷೆಯ ಮೊದಲ ಪತ್ರಿಕೆಯು ಹೊರಟಿತು. ಇಷ್ಟೆಲ್ಲವನ್ನು ಪರರಿಂದ ತೆಗೆದುಕೊಂಡರೂ ಅವರು ಮಾವೋರಿಗಳಾಗಿಯೇ ಉಳಿದರು. ಯಾಕಂದರೆ, ಬೇಕಾದುದನ್ನು ಕೊಳ್ಳುವ ಮತ್ತು ಬೇಡವಾದುದನ್ನು ಬಿಡುವ ಅಧಿಕಾರವು ಆಗ ಅವರ ಕೈಯಲ್ಲಿಯೇ ಇದ್ದಿತು. ಮನೆಗೆ ಅತಿಥಿಗಳು ಬಂದಿದ್ದರು. ಯಜಮಾನನು ಇನ್ನೂ ಬದಲಾಗಿರಲಿಲ್ಲ.

ಆ ಯಜಮಾನಿಕೆಯು ಕೈಬಿಟ್ಟುಹೋದ ಬಗೆಯನ್ನು ನೋಡಿರಿ. 1840ನೆಯ ಇಸವಿ ಫೆಬ್ರುವರಿ 6ರಂದು ವೈತಂಗಿ ಎಂಬಲ್ಲಿ ಬ್ರಿಟಿಷ್ ಸರಕಾರಕ್ಕೂ ಮಾವೋರಿ ಮುಖಂಡರಿಗೂ ಒಂದು ಕರಾರು ಆಯಿತು. ಅಂದು ಮೊದಲಾಗಿ ಕೆಲವು ತಿಂಗಳುಗಳಲ್ಲಿ 500ಕ್ಕೂ ಹೆಚ್ಚು ಮುಖಂಡರು ಅದಕ್ಕೆ ತಮ್ಮ ಗುರುತು ಹಾಕಿದರು. ಕರಾರಿನ ಪ್ರತಿಗಳು ಎರಡು: ಒಂದು ಇಂಗ್ಲಿಷಿನಲ್ಲಿ, ಒಂದು ಮಾವೋರಿಯಲ್ಲಿ. ಇಂಗ್ಲಿಷ್ ಪ್ರತಿಯಂತೆ ಅವರು ಸಾರ್ವಭೌಮತ್ವವನ್ನೇ ಒಪ್ಪಿಸಿಕೊಟ್ಟರು. ಮಾವೋರಿ ಪ್ರತಿಯಂತೆ ಬರಿಯ ಆಡಳಿತವನ್ನು ಕೊಟ್ಟು ತಮ್ಮ ಒಡೆತನವನ್ನು ಉಳಿಸಿಕೊಂಡರು. ಬಹುಮಂದಿ ಸಹಿಮಾಡಿದ್ದು ಮಾವೋರಿ ಪ್ರತಿಗೆ. ರಾಜ್ಯವು ನಡೆದದ್ದು ಇಂಗ್ಲಿಷ್ ಪ್ರತಿಯಂತೆ. 1860ರ ದಶಕದಲ್ಲಿ ಯುದ್ಧಗಳಾದವು. 1863ರ ಕಾಯಿದೆಯ ಬಲದಿಂದ ವಿಸ್ತಾರವಾದ ಭೂಮಿಯು ಮುಟ್ಟುಗೋಲಾಯಿತು. ಕುಲದ ಹೆಸರಿನಲ್ಲಿದ್ದ ನೆಲವನ್ನು ವ್ಯಕ್ತಿಗಳ ಹೆಸರಿಗೆ ಒಡೆದು ಮಾರಾಟಕ್ಕೆ ದಾರಿಮಾಡುವ ನ್ಯಾಯಾಲಯವೂ ಆ ದಶಕದಲ್ಲಿಯೇ ಹುಟ್ಟಿತು. 1896ರ ಹೊತ್ತಿಗೆ ಮಾವೋರಿಗಳ ಸಂಖ್ಯೆಯು ಸುಮಾರು 42,000ಕ್ಕೆ ಇಳಿದಿತ್ತು.

ನೆಲದ ಬೆನ್ನಿಗೆ ನುಡಿಯ ಸರದಿಯು ಬಂದಿತು. 1867ರ ದೇಶೀಯ ಶಾಲೆಗಳ ಕಾಯಿದೆಯು ಮಾವೋರಿ ಮಕ್ಕಳ ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧಭಾಷೆಯನ್ನಾಗಿ ಮಾಡಿತು. ಶಾಲೆಯ ಅಂಗಳದಲ್ಲಿ ತಾಯ್ನುಡಿಯನ್ನಾಡಿದ ತಪ್ಪಿಗಾಗಿ ಮಕ್ಕಳು ಪೆಟ್ಟು ತಿಂದ ಸಂಗತಿಯು ಮುಂದೆ ವಿಚಾರಣೆಯಲ್ಲಿ ಹಿರಿಯರ ಬಾಯಿಂದಲೇ ಹೊರಬಿದ್ದಿತು. ಇಲ್ಲಿ ಒಂದು ಸೂಕ್ಷ್ಮವನ್ನು ಉಪಾಧ್ಯಾಯರಾದ ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ಇಂಗ್ಲಿಷು ಬೇಡವೆಂದು ಮಾವೋರಿಗಳು ಹಟಹಿಡಿಯಲಿಲ್ಲ. ನಮ್ಮ ಮಕ್ಕಳಿಗೆ ಇಂಗ್ಲಿಷನ್ನು ಚೆನ್ನಾಗಿ ಕಲಿಸಿರೆಂದು 1870ರ ದಶಕದಲ್ಲಿ ಅವರಲ್ಲಿಯೇ ಕೆಲವರು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟಿದ್ದರು. ಅವರಿಗೆ ಬೇಕಾಗಿದ್ದುದು ತಮ್ಮ ನುಡಿಯ ಕೂಡ ಇಂಗ್ಲಿಷು. ದೊರೆತದ್ದು ತಮ್ಮ ನುಡಿಯ ಬದಲು ಇಂಗ್ಲಿಷು. ‘ಕೂಡ’ ಮತ್ತು ‘ಬದಲು’ ಎಂಬ ಈ ಎರಡು ಸಣ್ಣ ಶಬ್ದಗಳ ನಡುವೆ ಒಂದು ಜನಾಂಗದ ಅಳಿವು ಉಳಿವು ಅಡಗಿದೆ.

ಆದರೂ ಬರಿಯ ಕಾಯಿದೆಯು ಅವರ ನುಡಿಯನ್ನು ಕೊಲ್ಲಲಾರದೆ ಹೋಯಿತು. 1913ರಲ್ಲಿ, ಅಂದರೆ ಆ ಕಾಯಿದೆಯು ಬಂದು 46 ವರ್ಷಗಳಾದ ಮೇಲೆಯೂ, ಮಾವೋರಿ ಶಾಲಾಮಕ್ಕಳಲ್ಲಿ ನೂರಕ್ಕೆ 90 ಮಂದಿ ತಾಯ್ನುಡಿಯನ್ನಾಡಬಲ್ಲವರಾಗಿದ್ದರು. ಶಾಲೆಯಲ್ಲಿ ಪೆಟ್ಟು ತಿಂದ ಮಗುವು ಮನೆಗೆ ಬಂದು ಅಜ್ಜಿಯ ಕೂಡ ಅದೇ ನುಡಿಯನ್ನಾಡುತ್ತಿತ್ತು. 1953ರಲ್ಲಿ ಆ ಸಂಖ್ಯೆಯು 26ಕ್ಕೆ ಇಳಿಯಿತು; 1975ರಲ್ಲಿ 5ಕ್ಕೆ ಬಂದು ಮುಟ್ಟಿತು. ಈ ನಡುವೆ ಅವರ ನೆಲದ ಮೇಲೆ ಯುದ್ಧವಾಗಲಿಲ್ಲ; ಹೊಸ ನಿರ್ಬಂಧವೂ ಬರಲಿಲ್ಲ. ಮತ್ತೇನಾಯಿತು? ಹಳ್ಳಿಗಳು ಬರಿದಾದವು. 1945ರಲ್ಲಿ ಮಾವೋರಿಗಳ ಕಾಲುಭಾಗವು ಮಾತ್ರ ಪಟ್ಟಣವಾಸಿಗಳಾಗಿದ್ದರು. 1986ರ ಹೊತ್ತಿಗೆ ನೂರಕ್ಕೆ ಸುಮಾರು 80 ಮಂದಿ ಪಟ್ಟಣವಾಸಿಗಳಾದರು. ಕಾರಖಾನೆಯ ಕೂಲಿಗಾಗಿ ಬಂದ ಕುಟುಂಬಗಳನ್ನು ಬಿಳಿಯರ ಓಣಿಗಳಲ್ಲಿ ಅಲ್ಲೊಂದು ಇಲ್ಲೊಂದಾಗಿ ಚದುರಿಸಿ ಇರಿಸಿದರು. ಎಡಬಲದ ಮನೆಗಳಲ್ಲಿ ಇಂಗ್ಲಿಷು, ಕೆಲಸದಲ್ಲಿ ಇಂಗ್ಲಿಷು. 1960ರಲ್ಲಿ ದೂರದರ್ಶನವು ಬಂದ ಮೇಲೆ ನಡುಮನೆಯಲ್ಲಿಯೂ ಇಂಗ್ಲಿಷು. ಮಗನಿಗೆ ನೌಕರಿ ಸಿಗಲಿ ಎಂಬ ವಾತ್ಸಲ್ಯದಿಂದ ತಾಯಿತಂದೆಗಳೇ ಅವನೊಡನೆ ತಮ್ಮ ನುಡಿಯನ್ನಾಡುವದನ್ನು ಬಿಟ್ಟರು. ಬೆತ್ತವು ಎರಡು ತಲೆಮಾರುಗಳಲ್ಲಿ ಮಾಡಲಾರದ ಕೆಲಸವನ್ನು ಸಂತೆಯು ಒಂದು ತಲೆಮಾರಿನಲ್ಲಿ ಮಾಡಿ ಮುಗಿಸಿತು.

ಜಾಗತೀಕರಣದ ನಿಜವಾದ ಬಲವು ಇಲ್ಲಿದೆ. ಅದು ಯಾರನ್ನೂ ಬಡಿಯುವದಿಲ್ಲ. ನಗುನಗುತ್ತ ಆಸೆ ತೋರಿಸುತ್ತದೆ. ಕೊಡುವವನು ಹಲ್ಲು ಕಡಿದರೆ ಎದುರಿಸಬಹುದು. ಕೈಹಿಡಿದು ಕರೆದರೆ ಎದುರಿಸುವದು ಹೇಗೆ?

ಈ ಮಾತಿಗೆ ಒಂದು ಆಕ್ಷೇಪಣೆಯು ಬರುವದು ನಮಗೆ ಗೊತ್ತಿದೆ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇ? ಅನ್ನವನ್ನು ಕೊಡುವ ಭಾಷೆಯನ್ನು ಕಲಿತು ಮೇಲಕ್ಕೆ ಬರುವದನ್ನು ಬಿಟ್ಟು, ಅಜ್ಜಿಯ ಮಾತಿಗೆ ಜೋತುಬಿದ್ದು ಬಡವರಾಗಿ ಉಳಿಯಬೇಕೇ? ಎಂದು ವ್ಯವಹಾರಜ್ಞರು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದದ್ದು, ಬಡತನವನ್ನು ಕಂಡವರು ಇದನ್ನು ಹಾಸ್ಯಮಾಡಲಾರರು. ಆದರೆ ಉತ್ತರವನ್ನು ಅನುಭವವೇ ಕೊಟ್ಟಿದೆ. ಮಾವೋರಿಗಳು ತಮ್ಮ ನುಡಿಯನ್ನು ಬಿಟ್ಟುಕೊಟ್ಟರು. ಹಾಗೆ ಕೊಟ್ಟದ್ದಕ್ಕೆ ಪ್ರತಿಯಾಗಿ ಸಮಾನತೆಯು ದೊರೆಯಲಿಲ್ಲ. ನುಡಿ ಹೋದ ಮೇಲೂ ಅವರು ದೇಶದ ಕಡಿಮೆ ಕೂಲಿಯ ಕೆಲಸಗಳಲ್ಲಿಯೇ ಹೆಚ್ಚಾಗಿ ಉಳಿದರು. ಆರೋಗ್ಯದಲ್ಲಿ, ಶಿಕ್ಷಣದಲ್ಲಿ ಹಿಂದೆಬಿದ್ದರು. ಸೆರೆಮನೆಗಳಲ್ಲಿ ಮಾತ್ರ ಅವರ ಪ್ರಮಾಣವು ಅವರ ಜನಸಂಖ್ಯೆಯನ್ನು ಮೀರಿತು. ಮಲ್ಲಿಗೆಯನ್ನು ಮಾರಿದರೂ ಹಿಟ್ಟು ಬರಲಿಲ್ಲ. ಬಂದ ಅಷ್ಟಿಷ್ಟು ಇಂಗ್ಲಿಷನ್ನು ಕಲಿತುದರಿಂದ ಬಂದಿತೇ ಹೊರತು, ತಾಯ್ನುಡಿಯನ್ನು ಮರೆತುದರಿಂದ ಬರಲಿಲ್ಲ. ಇವೆರಡೂ ಒಂದೇ ಎಂದು ತಿಳಿಯುವದೇ ಭ್ರಾಂತಿಯು.

ಇನ್ನು ಅವರು ಎದ್ದ ಬಗೆ. 1972ರ ಸೆಪ್ಟೆಂಬರ್ 14ರಂದು ಶಾಲೆಗಳಲ್ಲಿ ಮಾವೋರಿಯನ್ನು ಕಲಿಸಬೇಕೆಂಬ ಅರ್ಜಿಯೊಂದನ್ನು ತರುಣರು ಪಾರ್ಲಿಮೆಂಟಿನ ಮೆಟ್ಟಲುಗಳ ಮೇಲೆ ತಂದಿಟ್ಟರು. ಅದರಲ್ಲಿ 30,000ಕ್ಕೂ ಹೆಚ್ಚು ಸಹಿಗಳಿದ್ದವು. ಸರಕಾರವು ಮೆಲ್ಲಮೆಲ್ಲನೆ ಕೆಲವು ಅನುಕೂಲಗಳನ್ನು ಮಾಡಿಕೊಟ್ಟಿತು. ಆದರೆ ಜನರು ಅದನ್ನೇ ನೆಚ್ಚಿ ಕೂಡಲಿಲ್ಲ. 1982ರಲ್ಲಿ ವೆಲ್ಲಿಂಗ್ಟನ್ನಿನ ಹತ್ತಿರದ ವೈನುಯಿಒಮಾತದಲ್ಲಿ ಮೊದಲ ‘ಕೋಹಂಗ ರೆಓ’ ತೆರೆಯಿತು. ಈ ಮಾತಿಗೆ ಭಾಷೆಯ ಗೂಡು ಎಂದರ್ಥ. ತಾಯಿತಂದೆಗಳಿಗೆ ನುಡಿಯು ಬಾರದು. ಅಜ್ಜ ಅಜ್ಜಿಯರಿಗೆ ಬರುತ್ತದೆ. ಅವರು ಸಾಯುವದರೊಳಗಾಗಿ ನಡುವಿನ ತಲೆಮಾರನ್ನು ದಾಟಿ ಹಸುಗೂಸುಗಳಿಗೆ ಅದನ್ನು ಮುಟ್ಟಿಸಬೇಕು. ಇಷ್ಟೇ ಯೋಜನೆ. ಹಿರಿಯರು ಬೆಳಗಿನಿಂದ ಸಂಜೆಯ ವರೆಗೆ ಕೂಸುಗಳನ್ನು ಆಡಿಸುತ್ತ, ಉಣ್ಣಿಸುತ್ತ, ಗದರಿಸುತ್ತ ತಮ್ಮ ನುಡಿಯನ್ನೇ ಆಡುವರು. ಇದಕ್ಕೆ ದೊಡ್ಡ ಕಟ್ಟಡವು ಬೇಕಾಗಲಿಲ್ಲ, ಪದವೀಧರರೂ ಬೇಕಾಗಲಿಲ್ಲ. 1994ರ ಹೊತ್ತಿಗೆ ಇಂಥ 800 ಗೂಡುಗಳಲ್ಲಿ 14,000 ಮಕ್ಕಳಿದ್ದರು. ಆ ಮಕ್ಕಳು ದೊಡ್ಡವರಾದಂತೆ ಮುಂದಿನ ಶಾಲೆಯು ಬೇಕಾಯಿತು; 1985ರಲ್ಲಿ ಆಕ್ಲಂಡದಲ್ಲಿ ಪೂರ್ಣವಾಗಿ ಮಾವೋರಿಯಲ್ಲಿಯೇ ಕಲಿಸುವ ಮೊದಲ ಪ್ರಾಥಮಿಕ ಶಾಲೆಯನ್ನು ಜನರೇ ತೆರೆದರು. ಸರಕಾರದ ಮನ್ನಣೆಯು ಅದಕ್ಕೆ ದೊರೆತದ್ದು 1989ರಲ್ಲಿ.

ಕಾಯಿದೆಯು ಈ ಜನಬಲದ ಹಿಂದಿನಿಂದ ಬಂದಿತು. ವೈತಂಗಿ ಕರಾರಿನ ಭಂಗವನ್ನು ವಿಚಾರಿಸಲು 1975ರಲ್ಲಿ ಒಂದು ನ್ಯಾಯಮಂಡಳಿಯು ಸ್ಥಾಪಿತವಾಗಿತ್ತು. ಕರಾರಿನ ಮಾವೋರಿ ಪ್ರತಿಯ ಎರಡನೆಯ ಕಲಮಿನಲ್ಲಿ ‘ತಾಓಂಗ’ ಎಂಬೊಂದು ಶಬ್ದವಿದೆ. ಪ್ರಾಣಕ್ಕೆ ಸಮನಾಗಿ ಕಾಯ್ದುಕೊಳ್ಳತಕ್ಕ ನಿಧಿ ಎಂದು ಅದರ ಅಭಿಪ್ರಾಯ. ಇಂಗ್ಲಿಷ್ ಪ್ರತಿಯು ನೆಲ, ಕಾಡು, ಮೀನುಗಾರಿಕೆ ಮತ್ತು ಇತರ ಆಸ್ತಿಯನ್ನು ಮಾತ್ರ ಹೆಸರಿಸುತ್ತದೆ. ನುಡಿಯು ನಿಧಿಯಲ್ಲವೇ? ಎಂದು ಮಾವೋರಿಗಳು ಕೇಳಿದರು. ಅಹುದು, ನಿಧಿಯೇ, ಅದನ್ನು ಕಾಯುವದು ಸರಕಾರದ ಹೊಣೆ ಎಂದು ನ್ಯಾಯಮಂಡಳಿಯು 1986ರಲ್ಲಿ ಹೇಳಿತು. ಮರುವರ್ಷವೇ ಮಾವೋರಿಯು ದೇಶದ ಅಧಿಕೃತ ಭಾಷೆಯಾಯಿತು. 2004ರಲ್ಲಿ ಆ ಭಾಷೆಯ ದೂರದರ್ಶನವು ಆರಂಭವಾಯಿತು. ನೂರನಾಲ್ವತ್ತಾರು ವರ್ಷಗಳ ವರೆಗೆ ಕಾಗದದಲ್ಲಿ ಮಲಗಿದ್ದ ಒಂದು ಶಬ್ದವನ್ನು ಎಬ್ಬಿಸಿ ಅದರಿಂದ ಕೆಲಸ ಮಾಡಿಸಿಕೊಂಡ ಈ ಜನರ ಜಾಣ್ಮೆಯನ್ನು ಕಾನೂನು ಬಲ್ಲವರು ಮೆಚ್ಚದಿರಲಾರರು. 2023ರ ಜನಗಣತಿಯಂತೆ ಆ ನುಡಿಯನ್ನಾಡಬಲ್ಲವರು 2,13,000ಕ್ಕೂ ಹೆಚ್ಚು.

ಆದರೆ ಅಷ್ಟರಲ್ಲಿ ಸಂತೆಯು ತನ್ನ ವೇಷವನ್ನು ಬದಲಿಸಿತ್ತು. ಹಿಂದೆ ಅವರ ನುಡಿ, ಹಚ್ಚೆ, ಕುಣಿತಗಳನ್ನು ಅನಾಗರಿಕವೆಂದು ಹಳಿಯುತ್ತಿದ್ದ ಜಗತ್ತು ಈಗ ಅವುಗಳನ್ನು ಸೊಗಸೆಂದು ಕೊಂಡಾಡಿ ಮಾರಹತ್ತಿತು. 2001ರಲ್ಲಿ ಲೆಗೋ ಎಂಬ ಡೆನ್ಮಾರ್ಕಿನ ಕಂಪನಿಯು ತನ್ನ ಹೊಸ ಆಟಿಕೆಗಳಿಗೆ ಮಾವೋರಿ ಹೆಸರುಗಳನ್ನಿಟ್ಟಿತು; ‘ತೊಹುಂಗ’ ಎಂಬದು ಅದರಲ್ಲೊಂದು. ಆ ಜನರಲ್ಲಿ ಜ್ಞಾನವೃದ್ಧನಾದ ಆಚಾರ್ಯನಿಗೆ ಸಲ್ಲುವ ಹೆಸರು ಅದು. ಆಕ್ಷೇಪಣೆಯು ಹೋದ ಮೇಲೆ ಕಂಪನಿಯು ಕೆಲವು ಹೆಸರುಗಳನ್ನು ಬದಲಿಸಿತು. 2016ರಲ್ಲಿ ಡಿಸ್ನಿ ಕಂಪನಿಯು ತನ್ನ ‘ಮೊಆನ’ ಚಿತ್ರದ ಸಲುವಾಗಿ ಮಕ್ಕಳಿಗೆ ತೊಡಿಸುವ ಅಂಗಿಯೊಂದನ್ನು ಮಾರಾಟಕ್ಕೆ ತಂದಿತು. ಶಾಂತಸಾಗರದ ದ್ವೀಪಗಳ ಜನರು ಪೂಜ್ಯನೆಂದು ತಿಳಿದ ಮಾವುಯಿ ಎಂಬ ಪುರಾಣಪುರುಷನ ಹಚ್ಚೆ ಹಾಕಿದ ಚರ್ಮವೇ ಅಂಗಿಯಾಗಿತ್ತು! ಕೂಗೆದ್ದಿತು, ಅಂಗಿಯು ಅಂಗಡಿಯಿಂದ ಹಿಂದಕ್ಕೆ ಹೋಯಿತು. ಅದೇ ಚಿತ್ರವನ್ನು ಮರುವರ್ಷ ಮಾವೋರಿಗಳೇ ಮುಂದೆ ನಿಂತು ತಮ್ಮ ನುಡಿಗೆ ತಿರುಗಿಸಿದರು. ಅವರ ಮಕ್ಕಳು ತೆರೆಯ ಮೇಲೆ ತಮ್ಮ ಮಾತನ್ನು ಕೇಳಿ ಹಿಗ್ಗಿದರು. ಕಂಪನಿಯು ಅದೇ, ಚಿತ್ರವೂ ಅದೇ. ಒಂದರಲ್ಲಿ ಕೇಳದೆ ಕೈಹಾಕಿದರು. ಒಂದರಲ್ಲಿ ಮನೆಯವರೇ ಮುಂದಾಳುಗಳಾದರು. ಭೇದವು ಇಷ್ಟರಲ್ಲಿಯೇ ಇದೆ. ಆದರೆ ಇದೇ ಸರ್ವಸ್ವವಾದ ಭೇದ.

ನ್ಯೂಜೀಲಂಡದ ಚೆಂಡಾಟದ ತಂಡವು ಆಟಕ್ಕೆ ಮೊದಲು ಹೂಂಕರಿಸುತ್ತ ಕುಣಿಯುವ ‘ಕ ಮಾತೆ’ ಎಂಬ ಹಾಕಾವನ್ನು ನಮ್ಮ ತರುಣರಲ್ಲಿ ಹಲವರು ನೋಡಿರಬಹುದು. ಅದನ್ನು ಸುಮಾರು 1820ರಲ್ಲಿ ರಚಿಸಿದವನು ನ್ಗಾತಿ ತೋಆ ಕುಲದ ಮುಖಂಡನಾದ ತೆ ರೌಪರಾಹ. ಜಾಹೀರಾತಿನವರು ಅದನ್ನು ಮನಬಂದಂತೆ ಬಳಸಿಕೊಂಡರು. ಕುಲದವರಿಗೆ ಕಾಸೂ ಇಲ್ಲ, ಹೆಸರೂ ಇಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! 2014ರಲ್ಲಿ ಒಂದು ಕಾಯಿದೆಯಾಯಿತು. ವ್ಯಾಪಾರಕ್ಕಾಗಿ ಅದನ್ನು ಪ್ರಕಟಿಸುವವರು ಕರ್ತೃವಿನ ಮತ್ತು ಕುಲದ ಹೆಸರನ್ನು ಹೇಳಬೇಕೆಂದು ಅದು ವಿಧಿಸುತ್ತದೆ. ತಡೆಯುವ ಅಧಿಕಾರವನ್ನಾಗಲಿ ಹಣ ಕೇಳುವ ಹಕ್ಕನ್ನಾಗಲಿ ಅದು ಕೊಡಲಿಲ್ಲ. ಗ್ರಂಥಸ್ವಾಮ್ಯದ ಕಾನೂನು ಒಬ್ಬ ಕರ್ತೃವನ್ನೂ ಒಂದು ಅವಧಿಯನ್ನೂ ಬಲ್ಲದು. ತಲೆತಲಾಂತರದಿಂದ ಒಂದು ಕುಲವೇ ಕಾಯ್ದುಕೊಂಡು ಬಂದ ವಸ್ತುವಿಗೆ ಅದರಲ್ಲಿ ಎಡೆಯಿಲ್ಲ.

ಎಲ್ಲಕ್ಕಿಂತ ಹೊಸ ಪ್ರಸಂಗವು ಮಾತನಾಡುವ ಯಂತ್ರಗಳದು. ಗಣಕಯಂತ್ರಕ್ಕೆ ಒಂದು ಭಾಷೆಯನ್ನು ಕಲಿಸಬೇಕಾದರೆ ಆ ಭಾಷಿಕರ ಧ್ವನಿಯು ನೂರಾರು ಗಂಟೆಗಳಷ್ಟು ಬೇಕು. 2018ರಲ್ಲಿ ದೇಶದ ಉತ್ತರ ತುದಿಯ ಕೈತಾಯ ಎಂಬ ಸಣ್ಣ ಊರಿನ ಮಾವೋರಿ ಬಾನುಲಿ ಕೇಂದ್ರವು, ತೆ ಹಿಕು ಮೀಡಿಯಾ, ತನ್ನ ಜನರನ್ನು ಬೇಡಿಕೊಂಡಿತು. ಹತ್ತೇ ದಿನಗಳಲ್ಲಿ 300 ಗಂಟೆಗಳಿಗೂ ಮಿಕ್ಕಿದ ಧ್ವನಿಯು ಕೂಡಿತು. ಅದರಿಂದ ತಮ್ಮ ನುಡಿಯನ್ನು ತಿಳಿಯುವ ಯಂತ್ರವನ್ನು ಅವರೇ ಸಿದ್ಧಪಡಿಸಿದರು. ಹೊರಗಿನವರು ಹಣದಾಸೆ ತೋರಿದಾಗ ಕೊಡಲೊಲ್ಲೆವೆಂದರು. ಇದು ನಮ್ಮ ಅಜ್ಜಂದಿರ ಧ್ವನಿ; ಇದನ್ನು ಕಾಯುವವರು ನಾವೇ ಹೊರತು ಮಾರುವವರಲ್ಲ ಎಂಬದು ಅವರ ನಿಲುವು. ನೆಲವನ್ನು ಒಮ್ಮೆ ಕಳೆದುಕೊಂಡವರಿಗೆ ಧ್ವನಿಯೂ ಒಂದು ನೆಲವೆಂದು ಬೇಗ ಹೊಳೆಯಿತು. ಅತ್ತ 2022ರಲ್ಲಿ ಅಮೇರಿಕೆಯ ಕಂಪನಿಯೊಂದು ಹೊರತಂದ ಯಂತ್ರವು ಅಂತರ್ಜಾಲದಿಂದ ಬಾಚಿದ ಸಾವಿರ ಗಂಟೆಗಳಿಗೂ ಹೆಚ್ಚಿನ ಮಾವೋರಿ ಧ್ವನಿಯನ್ನು ಕಲಿತಿತ್ತು. ಅದಕ್ಕೆ ಒಪ್ಪಿಗೆ ಕೊಟ್ಟವರಾರು ಎಂದು ಕೈತಾಯದವರು ಕೇಳಿದ ಪ್ರಶ್ನೆಯು ಎಲ್ಲ ಸಣ್ಣ ನುಡಿಗಳ ಪ್ರಶ್ನೆಯೂ ಆಗಿದೆ.

ಇಷ್ಟು ಮಾಡಿಯೂ ಅವರು ನಿಶ್ಚಿಂತರಲ್ಲ. ಭಾಷೆಯ ಗೂಡುಗಳ ಸಂಖ್ಯೆಯು ತೊಂಬತ್ತರ ದಶಕದ ಬಳಿಕ ಇಳಿಮುಖವಾಯಿತು. 2024ರಲ್ಲಿ ವೈತಂಗಿ ಕರಾರಿನ ತತ್ತ್ವಗಳಿಗೆ ಹೊಸ ಅರ್ಥವನ್ನು ಹಚ್ಚುವ ಮಸೂದೆಯೊಂದು ಪಾರ್ಲಿಮೆಂಟಿಗೆ ಬಂದಿತು. ಆ ನವೆಂಬರಿನಲ್ಲಿ ದೇಶದ ಎರಡೂ ಕಡೆಗಳಿಂದ ಜನರು ರಾಜಧಾನಿಗೆ ನಡೆದುಬಂದರು; ಪೋಲೀಸರ ಅಂದಾಜಿನಂತೆಯೇ 42,000 ಜನ ಪಾರ್ಲಿಮೆಂಟಿನ ಮುಂದೆ ನೆರೆದರು. 2025ರ ಏಪ್ರಿಲ್ 10ರಂದು ಮಸೂದೆಯು 11ಕ್ಕೆ 112 ಮತಗಳಿಂದ ಬಿದ್ದುಹೋಯಿತು. ಕಾಯಿದೆಯು ಕೊಟ್ಟುದನ್ನು ಇನ್ನೊಂದು ಕಾಯಿದೆಯು ಕಸಿದುಕೊಳ್ಳಬಹುದು. ಕಾಯ್ದು ನಿಂತ ಜನರಿದ್ದರೆ ಕಸಿಯುವದು ಸುಲಭವಲ್ಲ.

ಈಗ ನಮ್ಮ ಮನೆಯ ಕಡೆಗೆ ಒಮ್ಮೆ ತಿರುಗಿ ನೋಡೋಣ. ಕನ್ನಡವು ಮಾವೋರಿಯಂತೆ ಅಳಿವಿನ ಅಂಚಿಗೆ ಬಂದ ನುಡಿಯಲ್ಲ. 2011ರ ಜನಗಣತಿಯಂತೆ ಅದನ್ನು ತಾಯ್ನುಡಿಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷ. ಆದರೆ ನಾವು ಹಿಡಿದ ದಾರಿಯ ಕ್ರಮವು ಅವರದಕ್ಕೆ ತಲೆಕೆಳಗಾಗಿದೆ. ಒಂದನೆಯ ಇಯತ್ತೆಯಿಂದ ನಾಲ್ಕನೆಯದರ ವರೆಗೆ ತಾಯ್ನುಡಿಯಲ್ಲಿ ಅಥವಾ ಕನ್ನಡದಲ್ಲಿ ಕಲಿಸತಕ್ಕದ್ದೆಂದು ಕರ್ನಾಟಕ ಸರಕಾರವು 1994ರಲ್ಲಿ ಆಜ್ಞೆ ಮಾಡಿತು. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ಸಂವಿಧಾನದತ್ತವಾದದ್ದು. ಸರಕಾರವು ತಾಯ್ನುಡಿಯನ್ನು ಬಲವಂತದಿಂದ ಹೇರಲಾರದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನಪೀಠವು 2014ರ ಮೇ 6ರಂದು ತೀರ್ಪು ಕೊಟ್ಟಿತು. ತೀರ್ಪನ್ನು ಬೈದು ಫಲವಿಲ್ಲ. ಅಲ್ಲಿ ಜನರು ಶಾಲೆಯನ್ನು ತೆರೆದು ಸರಕಾರವನ್ನು ಹಿಂದೆ ಎಳೆದುಕೊಂಡರು. ಇಲ್ಲಿ ಸರಕಾರವು ಆಜ್ಞೆಯನ್ನು ಹೊರಡಿಸಿ ಜನರನ್ನು ಹಿಂದೆ ಎಳೆಯಹೋಯಿತು. ಆರಿಸುವ ಹಕ್ಕು ಈಗ ತಾಯಿತಂದೆಗಳ ಕೈಯಲ್ಲಿದೆ. ಅಂದ ಮೇಲೆ ಹೊಣೆಯೂ ಅವರ ಕೈಗೇ ಬಂದಿದೆ.

ಇನ್ನೊಂದು ಮಾತನ್ನು ಆಡದೆ ಬಿಟ್ಟರೆ ಅನ್ಯಾಯವಾದೀತು. ಸಣ್ಣವರು ದೊಡ್ಡವರು ಎಂಬದು ನಿಂತ ನೆಲದ ಮೇಲೆ ಅವಲಂಬಿಸಿದೆ. ಇಂಗ್ಲಿಷಿನ ಮುಂದೆ ಸಣ್ಣವರಾದ ನಾವು 18 ಲಕ್ಷ ಜನರ ತುಳುವಿನ ಮುಂದೆ, 1 ಲಕ್ಷ 13 ಸಾವಿರ ಜನರ ಕೊಡವ ತಕ್ಕಿನ ಮುಂದೆ ದೊಡ್ಡವರಾಗಿದ್ದೇವೆ. ಅವರ ಮಕ್ಕಳಿಗೆ ನಮ್ಮ ಕನ್ನಡವು ಅವರ ನುಡಿಯ ಕೂಡ ಬರುತ್ತಿದೆಯೋ, ಬದಲು ಬರುತ್ತಿದೆಯೋ? ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬಲ್ಲವರಿಗೆ ಮಾತ್ರ ಇಂಗ್ಲಿಷಿನ ಮುಂದೆ ನಿಂತು ನ್ಯಾಯವನ್ನು ಬೇಡುವ ಮುಖವಿರುತ್ತದೆ.

ಜಗತ್ತಿನ ಸಂತೆಯನ್ನು ನಿಲ್ಲಿಸುವದು ಯಾರಿಂದಲೂ ಆಗದು. ನಿಲ್ಲಿಸುವ ಅವಶ್ಯವೂ ಇಲ್ಲ. ಸಂತೆಗೆ ಹೋಗುವಾಗ ನಮ್ಮ ಮನೆಯ ಕೀಲಿಕೈ ನಮ್ಮ ಉಡಿಯಲ್ಲಿದೆಯೇ ಎಂದು ನೋಡಿಕೊಳ್ಳುವದು ಮಾತ್ರ ಅವಶ್ಯ. ಆ ಕೀಲಿಕೈಯು ವಿಧಾನಸಭೆಯಲ್ಲಿಲ್ಲ, ನ್ಯಾಯಾಲಯದಲ್ಲಿಲ್ಲ. ಉಪಾಧ್ಯಾಯರೇ, ಇಂಗ್ಲಿಷನ್ನು ಚೆನ್ನಾಗಿ ಕಲಿಸಿರಿ. ಆದರೆ ಕನ್ನಡದಲ್ಲಿ ಪ್ರಶ್ನೆ ಕೇಳಿದ ಹುಡುಗನನ್ನು ನಾಚಿಸಬೇಡಿರಿ. ಗೃಹಸ್ಥರೇ, ಮಗನು ಯಾವ ಶಾಲೆಗಾದರೂ ಹೋಗಲಿ. ಮನೆಗೆ ಮರಳಿದಾಗ ಅವನೊಡನೆ ಆಡುವ ಮಾತು ನಿಮ್ಮದಾಗಿರಲಿ. ವೈನುಯಿಒಮಾತದ ಮುದುಕಿಯರಲ್ಲಿ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ತಮ್ಮ ತೊಡೆಯ ಮೇಲಿನ ಕೂಸಿನೊಡನೆ ಯಾವ ನುಡಿಯನ್ನಾಡಬೇಕೆಂಬದನ್ನು ತಾವೇ ನಿರ್ಧರಿಸಿದರು. ಅಷ್ಟು ಯಜಮಾನಿಕೆಯು ಈ ಹೊತ್ತಿಗೂ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇದೆ.